ಕೆಲ್ಪ್ ಅಂದರೆ ನಿಖರವಾಗಿ ಯಾವುದು? ದೊಡ್ಡ ಕಡಲಕಳೆ ಎಲ್ಲವೂ ಕೆಲ್ಪಾ?

ಇರುಳೋದು:
ಕಡಲ ಇತಿಹಾಸದ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲ್ಪ್ ಅನ್ನುವ ಪದ ಅದರಲ್ಲಿ ಮೂರು ಕಡೆ ಬರುತ್ತದೆ. ಮೊದಲನೆಯದು ಕ್ಯಾಲಿಫೋರ್ನಿಯಾ ತೀರದ ಕೆಲ್ಪ್ ಕಾಡು. ಅದು ಸರಿ, ಚಿತ್ರ ನೋಡಿದ್ದೇನೆ. ಎರಡನೆಯದು 1790ರ ದಶಕದ ಸ್ಕಾಟ್ಲೆಂಡ್. ಅಲ್ಲಿ ಹಡಗಿನ ತುಂಬ ಕೆಲ್ಪ್ ಹೇರಿಕೊಂಡು ಕಾರ್ಖಾನೆಗೆ ಒಯ್ಯುತ್ತಾರೆ. ಯಾವ ಕಾರ್ಖಾನೆ ಅಂತ ಬರೆದಿಲ್ಲ. ಒದ್ದೆ ಕಳೆಯನ್ನು ಅಷ್ಟು ದೂರ ಹೊತ್ತು ಏನು ಮಾಡುತ್ತಾರೆ? ಮೂರನೆಯದು ನ್ಯೂಜಿಲೆಂಡಿನ ಬುಲ್ ಕೆಲ್ಪ್. ಅದರ ಅಡಿಟಿಪ್ಪಣಿಯಲ್ಲಿ ‘ಇದು ನಿಜವಾದ ಕೆಲ್ಪ್ ಅಲ್ಲ’ ಅಂತಿದೆ! ಹೆಸರಲ್ಲೇ ಕೆಲ್ಪ್ ಇಟ್ಟುಕೊಂಡು ಕೆಲ್ಪ್ ಅಲ್ಲ ಅಂದ್ರೆ ಹೇಗೆ?

ನಿಘಂಟು ತೆಗೆದರೆ ‘ಒಂದು ಬಗೆಯ ದೊಡ್ಡ ಕಡಲಕಳೆ’ ಅಂತ ಒಂದೇ ಸಾಲು. ಎಷ್ಟು ದೊಡ್ಡದಾದರೆ ಕೆಲ್ಪ್? ಯಾರಾದ್ರೂ ಬಿಡಿಸಿ ಹೇಳಿ.

ಸೂಕ್ಷ್ಮದರ್ಶಕ:
ಗಾತ್ರದಿಂದ ಶುರು ಮಾಡಬೇಡಿ, ದಾರಿ ತಪ್ಪುತ್ತೀರಿ. ಜೀವಶಾಸ್ತ್ರದಲ್ಲಿ ಕೆಲ್ಪ್ ಅಂದರೆ ಲ್ಯಾಮಿನೇರಿಯೇಲ್ಸ್ ಗಣಕ್ಕೆ (ಆರ್ಡರ್) ಸೇರಿದ ಕಂದು ಶೈವಲ (ಆಲ್ಗೆ). ಸುಮಾರು 30 ಕುಲಗಳಿವೆ. ಮ್ಯಾಕ್ರೊಸಿಸ್ಟಿಸ್ ಅನ್ನುವ ದೈತ್ಯ ಕೆಲ್ಪ್ 45 ಮೀಟರ್ ದಾಟಬಲ್ಲದು. ತಂಪು ನೀರು, ಬೆಳಕು, ಪೋಷಕಾಂಶ ಎಲ್ಲ ಒದಗಿದರೆ ದಿನಕ್ಕೆ ಅರ್ಧ ಮೀಟರಿನಷ್ಟು ಬೆಳೆಯುತ್ತದೆ. ಅದೇ ಗಣದ ಪೋಸ್ಟೆಲ್ಸಿಯಾ ನೋಡಿ. ಅಲೆ ಬಡಿಯುವ ಬಂಡೆಯ ಮೇಲೆ ಪುಟ್ಟ ತಾಳೆಮರದ ಹಾಗೆ ನಿಂತಿರುತ್ತದೆ. ಎತ್ತರ ಹೆಚ್ಚೆಂದರೆ ಅರ್ಧ ಮೀಟರಿನ ಆಚೀಚೆ. ಅದೂ ಕೆಲ್ಪೇ.

ಇನ್ನೊಂದು ವಿಷಯ. ಕೆಲ್ಪ್ ಗಿಡವಲ್ಲ. ಹಸಿರು ಗಿಡಗಳ ವಂಶವೇ ಬೇರೆ, ಇದರ ವಂಶವೇ ಬೇರೆ. ನೀರಿನಲ್ಲಿ ತೇಲುವ ಒಂದೇ ಕೋಶದ ಡಯಾಟಮ್‌ಗಳು ಇದಕ್ಕೆ ಮರಗಿಡಗಳಿಗಿಂತ ಹತ್ತಿರದ ನೆಂಟರು. ಆ ಕಂದು ಬಣ್ಣ ಫ್ಯೂಕೋಕ್ಸಾಂಥಿನ್ ಅನ್ನುವ ವರ್ಣದ್ರವ್ಯದ್ದು. ಹಾಗಾಗಿ ‘ಬೇರು’, ‘ಕಾಂಡ’, ‘ಎಲೆ’ ಅಂತ ಸುಮ್ನೆ ಬರೆದುಬಿಡಬೇಡಿ. ಕೆಳಗಿನ ಭಾಗ ಬಂಡೆಯನ್ನು ಹಿಡಿದುಕೊಳ್ಳುವ ಹಿಡಿಕೆ ಅಷ್ಟೇ, ನೆಲದಿಂದ ಏನನ್ನೂ ಹೀರುವುದಿಲ್ಲ. ಬೇಕಾದ ಪೋಷಕಾಂಶವನ್ನು ಇಡೀ ಮೈಯೇ ನೀರಿನಿಂದ ಎಳೆದುಕೊಳ್ಳುತ್ತದೆ. ಮೇಲೆ ದಂಟು, ಅದರ ಮೇಲೆ ಹಾಳೆ. ಕೆಲವದರಲ್ಲಿ ತೇಲಿಸುವ ಗಾಳಿಬುರುಡೆ.

ಹಳೇಪುಟ:
ಎರಡನೇ ವಾಕ್ಯಕ್ಕೆ ಉತ್ತರ ನನ್ನ ಹತ್ತಿರ ಇದೆ. ಅಲ್ಲಿ ಕೆಲ್ಪ್ ಅಂದರೆ ಕಳೆಯೇ ಅಲ್ಲ. ಕಳೆ ಸುಟ್ಟ ಬೂದಿ.

18ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಕೆಲ್ಪ್ ಮಾಡುವುದು ಅಂದರೆ ಕಡಲಕಳೆ ಒಣಗಿಸಿ, ಕಲ್ಲು ಕಟ್ಟಿದ ಆಳವಿಲ್ಲದ ಗುಂಡಿಯಲ್ಲಿ ಗಂಟೆಗಟ್ಟಲೆ ಸುಡುವುದು. ಕೆಳಗೆ ಇಳಿಯುವ ಬೂದಿ ಪುಡಿಯಾಗಿ ಇರುವುದಿಲ್ಲ. ಕಾವಿಗೆ ಕರಗಿ ಅಂಟಂಟಾಗುತ್ತದೆ. ಅದನ್ನು ಕಬ್ಬಿಣದ ಸಲಾಕೆಯಿಂದ ಕಲಸಿ ಕಲಸಿ ಒಂದೇ ಮುದ್ದೆ ಮಾಡುತ್ತಾರೆ. ಆರಿದ ಮೇಲೆ ಬಂಡೆಯಂತೆ ಗಟ್ಟಿ. ಆಮೇಲೆ ಒಡೆದು ಹಡಗಿಗೆ ಹೇರುವುದು. ನಿಮ್ಮ ಹಡಗಿನಲ್ಲಿ ಇದ್ದದ್ದು ಆ ಕಲ್ಲಿನಂಥ ಗಟ್ಟಿಗಳು. ಸುಮಾರು 20 ಟನ್ ಹಸಿ ಕಳೆ ಸುಟ್ಟರೆ ಒಂದು ಟನ್ ಬೂದಿ ಸಿಗುತ್ತದೆ ಅನ್ನುವುದು ಆಗಿನ ಲೆಕ್ಕ. ಅದರೊಳಗೆ ಸೋಡಾ, ಪೊಟ್ಯಾಷ್ ಇತ್ತು. ಸೋಡಾ ಇಲ್ಲದೆ ಗಾಜೂ ಇಲ್ಲ, ಸಾಬೂನೂ ಇಲ್ಲ.

ಆರ್ಕ್ನಿ ದ್ವೀಪಗಳಲ್ಲಿ ಇದು ಶುರುವಾದದ್ದು 1722ರಲ್ಲಿ, ಸ್ಟ್ರಾನ್ಸೆ ಅನ್ನುವ ದ್ವೀಪದಲ್ಲಿ. ಹೊಗೆಯಿಂದ ಮೀನು ಓಡಿಹೋಗುತ್ತೆ, ದನಕ್ಕೆ ರೋಗ ಬರುತ್ತೆ ಅಂತ ಊರವರು ಜೋರು ತಕರಾರು ಎತ್ತಿದ್ದರು. ಆದರೆ ಜಮೀನ್ದಾರರಿಗೆ ದುಡ್ಡಿನ ರುಚಿ ಹತ್ತಿತ್ತು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಸ್ಪೇನಿನಿಂದ ಬರುವ ಬರಿಲ್ಲಾಗೆ, ಅಂದರೆ ಗಿಡ ಸುಟ್ಟು ತೆಗೆದ ಸೋಡಾಗೆ, ಅಡ್ಡಿಯಾಯಿತು, ಕೆಲ್ಪಿನ ಬೆಲೆ ಮುಗಿಲಿಗೇರಿತು. ಯುದ್ಧ ಮುಗಿದು ಬರಿಲ್ಲಾ ಮತ್ತೆ ಅಗ್ಗವಾಗಿ ಸಿಗತೊಡಗಿತು. ಉಪ್ಪಿನಿಂದಲೇ ಸೋಡಾ ಮಾಡುವ ಲೆಬ್ಲಾಂಕ್ ವಿಧಾನವೂ ಬಂತು. 1830ರ ಹೊತ್ತಿಗೆ ದಂಧೆ ನೆಲ ಕಚ್ಚಿತು. ಕಳೆ ಸುಡುವುದಕ್ಕೆಂದೇ ಕಡಲಂಚಿನಲ್ಲಿ ಉಳಿಸಿಕೊಂಡಿದ್ದ ಬಡ ಒಕ್ಕಲುಗಳು ಅನೇಕ ಕಡೆ ಮೂಟೆ ಕಟ್ಟಿ ವಲಸೆ ಹೋಗಬೇಕಾಯಿತು.

ಇರುಳೋದು:
ಬೂದಿ! ಅದು ಹೊಳೆಯಲೇ ಇಲ್ಲ ನೋಡಿ. ಹಾಗಾದರೆ ‘ಕೆಲ್ಪ್ ಬೂದಿ’ ಅಂತಲೇ ಹಾಕುತ್ತೇನೆ. ಬುಲ್ ಕೆಲ್ಪ್ ಕಥೆ?

ದಕ್ಷಿಣಗಾಳಿ:
ಬುಲ್ ಕೆಲ್ಪ್ ಅನ್ನುವುದು ಎರಡು ಜೀವಿಗಳ ಹೆಸರು. ಯಾವ ಸಾಗರದಲ್ಲಿ ನಿಂತು ಮಾತಾಡುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಉತ್ತರ ಪೆಸಿಫಿಕ್, ಅಂದರೆ ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾದವರೆಗೆ, ಅದು ನೀರಿಯೊಸಿಸ್ಟಿಸ್. ಹಗ್ಗದಂಥ ಒಂದೇ ದಂಟು, ತುದಿಯಲ್ಲಿ ಒಂದೇ ದೊಡ್ಡ ಬುರುಡೆ, ಅದರ ತಲೆಯ ಮೇಲೆ ಜುಟ್ಟಿನಂತೆ ಹಾಳೆಗಳು. ಅಷ್ಟುದ್ದ ಬೆಳೆಯುವುದು ಒಂದೇ ವರ್ಷದಲ್ಲಿ. ಬುರುಡೆಯೊಳಗಿನ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ ಅಂದರೆ ನಂಬುತ್ತೀರಾ? ಇರುತ್ತದೆ. ಇದು ಲ್ಯಾಮಿನೇರಿಯೇಲ್ಸ್, ಹಾಗಾಗಿ ಅಸಲಿ ಕೆಲ್ಪ್.

ನ್ಯೂಜಿಲೆಂಡ್, ಚಿಲಿ, ಅಂಟಾರ್ಕ್ಟಿಕಾ ಸುತ್ತಲಿನ ದ್ವೀಪಗಳಲ್ಲಿ ಬುಲ್ ಕೆಲ್ಪ್ ಅಂದರೆ ಡರ್ವಿಲಿಯಾ. ಇದೂ ಹತ್ತು ಮೀಟರ್ ಬೆಳೆಯುತ್ತದೆ, ಇದೂ ಕಂದು. ಆದರೆ ಫ್ಯೂಕೇಲ್ಸ್ ಅನ್ನುವ ಬೇರೆ ಗಣ. ಗಾಳಿಬುರುಡೆ ಇಲ್ಲ. ಡರ್ವಿಲಿಯಾ ಅಂಟಾರ್ಕ್ಟಿಕಾ ಅನ್ನುವ ಜಾತಿಯ ಹಾಳೆಯನ್ನು ಅಡ್ಡ ಕೊಯ್ದರೆ ಒಳಗೆ ಜೇನುಹಲ್ಲೆಯಂಥ ಗೂಡುಗಳು, ಆ ಗೂಡುಗಳ ಗಾಳಿಯೇ ಅದನ್ನು ತೇಲಿಸುತ್ತದೆ. ಮಾವೊರಿ ಜನ ಆ ಹಾಳೆಯನ್ನು ಒಳಗಿನಿಂದ ಸೀಳಿ ಚೀಲ ಮಾಡುತ್ತಾರೆ. ಅದಕ್ಕೆ ಪೋಹಾ ಅನ್ನುತ್ತಾರೆ. ಬೇಯಿಸಿದ ಕಡಲಹಕ್ಕಿ ಮಾಂಸವನ್ನು ಅದರಲ್ಲಿ ತುಂಬಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಸೂಕ್ಷ್ಮದರ್ಶಕ:
ಹಾಗಾಗಿಯೇ ಅಡಿಟಿಪ್ಪಣಿ ಸರಿಯಾಗಿದೆ. ಡರ್ವಿಲಿಯಾ ಕೆಲ್ಪ್ ಅಲ್ಲ. ಇದು ಬರೀ ಹೆಸರಿನ ಜಗಳ ಅಂದುಕೊಳ್ಳಬೇಡಿ. ಕೆಲ್ಪಿನ ಬಾಳಿನಲ್ಲಿ ಎರಡು ತಲೆಮಾರು ಇವೆ. ನಮ್ಮ ಕಣ್ಣಿಗೆ ಕಾಣುವ ದೊಡ್ಡದು ಬೀಜಾಣು ಬಿಡುತ್ತದೆ. ಆ ಬೀಜಾಣು ಬಂಡೆಯ ಮೇಲೆ ಕೂತು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಂಡು ಎಳೆ, ಹೆಣ್ಣು ಎಳೆ ಆಗುತ್ತದೆ. ಅವುಗಳ ಮಿಲನದಿಂದ ಮತ್ತೆ ದೊಡ್ಡ ಕೆಲ್ಪ್. ಡರ್ವಿಲಿಯಾದಲ್ಲಿ ಆ ನಡುವಿನ ತಲೆಮಾರೇ ಇಲ್ಲ. ನೇರವಾಗಿ ಅಂಡ, ವೀರ್ಯ. ಇಷ್ಟು ಬೇರೆ ಇರುವುದನ್ನು ಒಂದೇ ಹೆಸರಿನಿಂದ ಕರೆದರೆ ಕೆಲ್ಪ್ ಕಾಡನ್ನು ಮತ್ತೆ ಬೆಳೆಸುವವರಿಗೆ ಏನು ಹೇಳುತ್ತೀರಿ? ಅವರು ಲ್ಯಾಬಿನಲ್ಲಿ ಮೊದಲು ಬೆಳೆಸುವುದೇ ಆ ಕಾಣದ ತಲೆಮಾರನ್ನು.

ಹಳೇಪುಟ:
ಒಪ್ಪಿದೆ, ಆದರೆ ‘ಅಲ್ಲ’ ಅನ್ನುವಷ್ಟು ಖಡಾಖಂಡಿತ ಬೇಡ. ಈ ಪದ ಗಣಗಳನ್ನು ಗುರುತಿಸುವುದಕ್ಕೂ ನೂರಾರು ವರ್ಷ ಮೊದಲಿನದು. ಇಂಗ್ಲಿಷಿನ ಹಳೇ ರೂಪ ‘ಕಲ್ಪ್’. ಅದರಾಚೆಗೆ ಮೂಲ ಯಾರಿಗೂ ಸಿಕ್ಕಿಲ್ಲ.

ಇನ್ನೊಂದು ತಮಾಷೆ ಹೇಳಲಾ? ಸೋಡಾಗಾಗಿ ಸ್ಕಾಟ್ಲೆಂಡಿನಲ್ಲಿ ಸುಟ್ಟ ಕಳೆ ಬಹುಪಾಲು ಯಾವುದು ಗೊತ್ತಾ? ಇಳಿತದ ಹೊತ್ತಿಗೆ ಬಂಡೆಯಿಂದ ಕುಡುಗೋಲಿನಲ್ಲಿ ಕೊಯ್ಯಬಹುದಾದ ರ್‍ಯಾಕ್ ಜಾತಿಗಳು, ಫ್ಯೂಕಸ್ ಮತ್ತು ಆಸ್ಕೋಫಿಲಮ್. ಎರಡೂ ನಿಮ್ಮ ಫ್ಯೂಕೇಲ್ಸ್ ಗಣದವು. ಅಂದರೆ ಕೆಲ್ಪ್ ಅನ್ನುವ ಹೆಸರಿನಲ್ಲಿ ಮಾರಿದ ಸರಕೇ ನಿಮ್ಮ ಲೆಕ್ಕದಲ್ಲಿ ಕೆಲ್ಪಿನಿಂದ ಬಂದದ್ದಲ್ಲ!

ಸೂಕ್ಷ್ಮದರ್ಶಕ:
ಚೆನ್ನಾಗಿ ಹಿಡಿದಿರಿ. ನಾನೂ ಒಂದು ಸೇರಿಸುತ್ತೇನೆ, ನಿಮ್ಮ ಕಡೆಗೇ ವಾಲುತ್ತದೆ. ಆ ಕಾಣದ ತಲೆಮಾರನ್ನು 1915ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಕಮಿಲ್ ಸೊವಾಜೊ. ಅವರು ನೋಡಿದ್ದು ಸ್ಯಾಕೊರೈಜಾ ಅನ್ನುವ ಜೀವಿಯಲ್ಲಿ. ಅದೀಗ ಲ್ಯಾಮಿನೇರಿಯೇಲ್ಸ್‌ನಿಂದಲೇ ಹೊರಗೆ ಹೋಗಿದೆ. ನೋಡಲು, ಬಾಳಲು ಎಲ್ಲಾ ಕೆಲ್ಪಿನಂತೆಯೇ, ಆದರೆ ವಂಶದಲ್ಲಿ ಬೇರೆ. ಬಹಳಷ್ಟು ಪರಿಸರ ವಿಜ್ಞಾನಿಗಳು ಈಗಲೂ ಅದನ್ನು ಕೆಲ್ಪ್ ಲೆಕ್ಕಕ್ಕೇ ಹಿಡಿಯುತ್ತಾರೆ. ಕೆಲವರು ಡರ್ವಿಲಿಯಾವನ್ನೂ ಬಿಡುವುದಿಲ್ಲ. ಕಾಡು ಕಟ್ಟುವ ಕೆಲಸ ಮಾಡಿದರೆ ಸಾಕು ಅನ್ನುವುದು ಅವರ ವಾದ. ನನಗೆ ಇಷ್ಟವಿಲ್ಲ, ಆದರೆ ಆ ಬಳಕೆ ಇದೆ.

ಕುತೂಹಲಿ42:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಅಟ್ಲಾಂಟಿಕ್‌ನಲ್ಲಿ ತೇಲಿಕೊಂಡು ಬಂದು ತೀರದಲ್ಲಿ ರಾಶಿ ಬೀಳುತ್ತದಲ್ಲ, ಅದು ಕೆಲ್ಪಾ? ಸುಶಿಗೆ ಸುತ್ತುವ ನೋರಿ ಕೆಲ್ಪಾ? ಜೆಲ್ಲಿಯಂತೆ ಗಟ್ಟಿಯಾಗುವ ಅಗರ್ ಕೆಲ್ಪಿನದಾ?

ಸೂಕ್ಷ್ಮದರ್ಶಕ:
ಮೂರಕ್ಕೂ ಅಲ್ಲ. ಮೊದಲನೆಯದು ಸರ್ಗಾಸಮ್, ಮತ್ತೆ ಫ್ಯೂಕೇಲ್ಸ್. ನೋರಿ ಕೆಂಪು ಶೈವಲ, ಅಗರ್ ಕೂಡ ಕೆಂಪು ಶೈವಲಗಳದ್ದು. ಜಪಾನಿನವರು ಸಾರಿಗೆ ಹಾಕುವ ‘ಕೊಂಬು’ ಅನ್ನುವ ಕಡಲಕಳೆ ಮಾತ್ರ ಅಪ್ಪಟ ಕೆಲ್ಪ್. 1908ರಲ್ಲಿ ಕಿಕುನೆ ಇಕೆಡಾ ಗ್ಲುಟಮೇಟ್ ಬೇರ್ಪಡಿಸಿ ಅದರ ರುಚಿಗೆ ‘ಉಮಾಮಿ’ ಅಂತ ಹೆಸರಿಟ್ಟದ್ದು ಕೊಂಬು ಸಾರಿನಿಂದ. ಜಪಾನಿನವರು ತಿನ್ನುವ ಇನ್ನೊಂದು ಕಳೆ ವಕಾಮೆ ಕೂಡ ಅದೇ ಗಣ, ಆದರೆ ಅದನ್ನು ಕೆಲ್ಪ್ ಅನ್ನುವವರು ಕಮ್ಮಿ.

ಕುತೂಹಲಿ42:
ಕೆಲ್ಪಿ ಅಂತ ಕುದುರೆ ರೂಪದ ಒಂದು ನೀರಿನ ಭೂತದ ಕಥೆ ಇದೆಯಲ್ಲ, ಸ್ಕಾಟ್ಲೆಂಡಿನದೇ. ಅದಕ್ಕೂ ಇದಕ್ಕೂ?

ಹಳೇಪುಟ:
ಸಂಬಂಧ ಇಲ್ಲ. ಅದು ಎಳೆ ಕರು, ಮರಿಕುದುರೆಗೆ ಹೇಳುವ ಗೇಲಿಕ್ ಪದದಿಂದ ಬಂದಿರಬಹುದು ಅನ್ನುತ್ತಾರೆ. ಆ ಭೂತ ಇರುವುದೂ ಹೊಳೆ, ಸರೋವರಗಳಲ್ಲಿ. ಕೆಲ್ಪ್ ಉಪ್ಪುನೀರಿನದು.

ಉಸಿರುಬಿಗಿ:
ಎಲ್ಲರೂ ಪುಸ್ತಕದಿಂದ ಹೇಳುತ್ತಿದ್ದೀರಿ. ನಾನು ದೈತ್ಯ ಕೆಲ್ಪಿನೊಳಗೆ ಡೈವ್ ಮಾಡಿದ್ದೇನೆ, ಆ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಮೇಲಿನಿಂದ ನೋಡಿದರೆ ಕಂದು ಚಾಪೆ ಹಾಸಿದ ಹಾಗೆ ಇರುತ್ತದೆ, ಸುಂದರ ಅಂತ ಅನ್ನಿಸುವುದೇ ಇಲ್ಲ. ಕೆಳಗೆ ಇಳಿದರೆ ಬೇರೆ ಲೋಕ. ಒಂದೊಂದು ಹಾಳೆಯ ಬುಡದಲ್ಲೂ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಗಾಳಿಬುರುಡೆ. ಅದೇ ಇಡೀ ದಂಟನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಹಾಳೆಯ ಮೇಲೆ ಸುಕ್ಕು, ಅಂಚಿನಲ್ಲಿ ಸಣ್ಣ ಹಲ್ಲು, ಮುಟ್ಟಿದರೆ ಜಾರು ಜಾರು. ಅಲೆ ಬಂದಾಗ ಎಲ್ಲಾ ದಂಟೂ ಒಟ್ಟಿಗೆ ಒಂದು ಕಡೆ ವಾಲುತ್ತವೆ, ಅಲೆ ಹಿಂದೆ ಸರಿದಾಗ ಮತ್ತೆ ಈ ಕಡೆ. ಎದುರು ಈಜಬಾರದು. ಜೊತೆಗೇ ಹೋಗಿ ಜೊತೆಗೇ ಬರಬೇಕು.

ಸಿಲಿಂಡರಿನ ತಿರುಪಿಗೆ ದಂಟು ಸುತ್ತಿಕೊಳ್ಳುವುದು ಮಾಮೂಲಿ. ಎಳೆದರೆ ಬರುವುದಿಲ್ಲ. ರಬ್ಬರಿನಂತೆ ಹಿಗ್ಗಿ ನಿಮ್ಮನ್ನೇ ವಾಪಸ್ ಎಳೆಯುತ್ತದೆ. ಗಾಬರಿಯಿಂದ ಗಿರಕಿ ಹೊಡೆದರೆ ಇನ್ನೂ ಬಿಗಿ. ಎರಡೂ ಕೈಯಲ್ಲಿ ಹಿಡಿದು ಚಟ್ಟನೆ ಮಡಿಸಬೇಕು, ಲಟಕ್ಕನೆ ಮುರಿಯುತ್ತದೆ. ಹೊಸಬರಿಗೆ ಇದನ್ನು ದಡದಲ್ಲೇ ಒಂದು ತುಂಡು ಕೊಟ್ಟು ಕಲಿಸುತ್ತಾರೆ.

ಇನ್ನು ಆ ಹಿಡಿಕೆ. ಬೆರಳುಗಾತ್ರದ ಕವಲುಗಳು ಒಂದರ ಮೇಲೊಂದು ಹೆಣೆದು ದೊಡ್ಡ ಗುಮ್ಮಟದಂತೆ ಕೂತಿರುತ್ತದೆ. ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಬಾವಲಿ ನಕ್ಷತ್ರಗಳ ಕೈಗಳು ಹೊರಗೆ ಚಾಚಿರುತ್ತವೆ, ಪುಟ್ಟ ಏಡಿಗಳು, ಹುಳುಗಳು, ಬಸವನಹುಳು ಜಾತಿಯವು. ಒಂದು ಹಿಡಿಕೆಯೇ ಒಂದು ಕೇರಿ.

ಇರುಳೋದು:
‘ಬಾವಲಿ ನಕ್ಷತ್ರ’ ಯಾವುದು? ಬ್ರಿಟಲ್ ಸ್ಟಾರಾ?

ಉಸಿರುಬಿಗಿ:
ಹೂಂ, ಅದೇ, ನಕ್ಷತ್ರಮೀನಿನ ನೆಂಟ. ನಾವು ಜೊತೆಗಾರರು ಸುಮ್ನೆ ಇಟ್ಟುಕೊಂಡ ಹೆಸರು, ನೀವು ಬಳಸಬೇಡಿ.

ದಕ್ಷಿಣಗಾಳಿ:
‘ಕಾಡು’ ಅನ್ನುವ ಪದದ ಬಗ್ಗೆ. ಇದು ಇತ್ತೀಚಿನ ಟಿವಿಯವರ ಕಲ್ಪನೆ ಅಲ್ಲ. 1834ರಲ್ಲಿ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ ತೀರದಲ್ಲಿ ಡಾರ್ವಿನ್ ದೈತ್ಯ ಕೆಲ್ಪ್ ನೋಡಿ ಅದನ್ನು ಉಷ್ಣವಲಯದ ಕಾಡುಗಳಿಗೆ ಹೋಲಿಸಿದ್ದ. ನೆಲದ ಕಾಡು ಕಡಿದರೆ ಸಾಯುವ ಜೀವಿಗಳಿಗಿಂತ ಈ ಕೆಲ್ಪ್ ಹೋದರೆ ಸಾಯುವ ಜೀವಿಗಳು ಹೆಚ್ಚು ಅನ್ನುವುದು ಅವನ ಅಂದಾಜು.

ನಾವಿಕರಿಗೆ ಅದೇ ಪದ ಎಚ್ಚರಿಕೆ. ಬೆಳೆಯುತ್ತಿರುವ ಕೆಲ್ಪ್ ಕಂಡರೆ ಕೆಳಗೆ ಬಂಡೆ ಇದೆ ಅಂತ ಅರ್ಥ. ಹಳೇ ಹಡಗಿನ ದಿನಚರಿಯಲ್ಲಿ ‘ಕೆಲ್ಪ್ ಕಂಡಿತು’ ಅಂತ ಬಂದರೆ ಯಾರೂ ಹೂವು ಕಂಡಂತೆ ಹಿಗ್ಗಿರಲಿಲ್ಲ, ಚುಕ್ಕಾಣಿ ತಿರುಗಿಸಿದ್ದರು. ಕಿತ್ತುಬಂದು ತೇಲುವ ಕೆಲ್ಪ್ ಬೇರೆ, ಅದು ಎಲ್ಲಿಂದಲಾದರೂ ಬಂದಿರಬಹುದು. ನಿಮ್ಮ ಲೇಖನದಲ್ಲಿ ಹಡಗಿನ ವಿಷಯ ಬಂದರೆ ಯಾವುದು ಅಂತ ನೋಡಿಕೊಳ್ಳಿ.

ಇನ್ನು ಕಾಡು ಇದ್ದ ಕಡೆ ಎಲ್ಲಾ ಈಗ ಕಾಡಿಲ್ಲ. ಟಾಸ್ಮೇನಿಯಾದ ದೈತ್ಯ ಕೆಲ್ಪ್ ಬಹುಪಾಲು ಹೋಗಿದೆ. 2012ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅದನ್ನು ಅಳಿವಿನಂಚಿನ ಜೀವಸಮುದಾಯ ಅಂತ ಪಟ್ಟಿ ಮಾಡಿತು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ನಕ್ಷತ್ರಮೀನುಗಳಿಗೆ ರೋಗ ಬಂತು. ಅವು ತಿನ್ನುತ್ತಿದ್ದ ಮುಳ್ಳುಚೆಂಡುಗಳ (ಸೀ ಅರ್ಚಿನ್) ಸಂಖ್ಯೆ ಏರಿತು, ಅವು ಕೆಲ್ಪನ್ನು ಮೇಯುತ್ತವೆ. ಅದರ ಮೇಲೆ ನೀರೂ ಬಿಸಿಯಾಯಿತು. ಬುಲ್ ಕೆಲ್ಪ್ ಶೇ. 90ಕ್ಕೂ ಹೆಚ್ಚು ಮಾಯ. ಲೇಖನ ಹಳೆಯದಾಗಿದ್ದರೆ ‘ಇದೆ’ ಅನ್ನುವ ಕಡೆ ಒಂದು ಟಿಪ್ಪಣಿ ಹಾಕಿ.

ಹಲ್ಲುಡಾಕ್ಟ್ರು:
ನಮ್ಮ ಕಸುಬಿನಲ್ಲಿ ಕೆಲ್ಪ್ ದಿನಾ ಬಳಕೆಯಲ್ಲಿದೆ, ಹೆಸರು ಮಾತ್ರ ಡಬ್ಬದ ಮೇಲೆ ಇರುವುದಿಲ್ಲ. ಹಲ್ಲಿನ ಅಚ್ಚು ತೆಗೆಯುವಾಗ ಬಾಯಿಗೆ ತಣ್ಣಗಿನ ಮುದ್ದೆ ಇಡುತ್ತಾರಲ್ಲ, ಅದು ಆಲ್ಜಿನೇಟ್. ಕಂದು ಶೈವಲದ ಕೋಶಗೋಡೆಯಿಂದ ತೆಗೆದದ್ದು. ಪುಡಿಗೆ ನೀರು ಹಾಕಿ ಕಲಸಿದರೆ ಅದರಲ್ಲಿರುವ ಕ್ಯಾಲ್ಸಿಯಂ ಆಲ್ಜಿನೇಟಿನ ಎಳೆಗಳನ್ನು ಒಂದಕ್ಕೊಂದು ಕಟ್ಟುತ್ತದೆ, ಎರಡು ಮೂರು ನಿಮಿಷದಲ್ಲಿ ರಬ್ಬರಾಗುತ್ತದೆ. ಮೊದಲು ಅಗರ್ ಬಳಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಅಗರ್ ನಿಂತುಹೋಗಿ ಇದು ಬಂತು. ಆಲ್ಜಿನೇಟಿನ ಮೂಲವಸ್ತು ಆಲ್ಜಿನ್ ಅನ್ನು 1880ರ ದಶಕದಲ್ಲಿ ಬೇರ್ಪಡಿಸಿದವರು ಸ್ಟ್ಯಾನ್‌ಫರ್ಡ್ ಅನ್ನುವ ಬ್ರಿಟಿಷ್ ರಸಾಯನಶಾಸ್ತ್ರಜ್ಞ. ಕಳೆ ಸುಟ್ಟು ಹಾಳು ಮಾಡುವುದಕ್ಕಿಂತ ಬೇರೆ ಉಪಯೋಗ ಹುಡುಕುತ್ತಿದ್ದರು.

ಕುತೂಹಲಿ42:
ಕೆಲ್ಪ್ ಮಾತ್ರೆ ಅಂತ ಮಾರುತ್ತಾರಲ್ಲ, ಅದರಲ್ಲಿ ಯಾವ ಕೆಲ್ಪ್?

ಹಲ್ಲುಡಾಕ್ಟ್ರು:
ಎಚ್ಚರ. ‘ನಾರ್ವೆ ಕೆಲ್ಪ್’ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಆಸ್ಕೋಫಿಲಮ್, ಮೇಲೆ ಹೇಳಿದ ರ್‍ಯಾಕ್. ದನದ ಮೇವಿಗೆ, ಗೊಬ್ಬರಕ್ಕೆ ಬರುವ ಕೆಲ್ಪ್ ಪುಡಿಯೂ ಹೆಚ್ಚಾಗಿ ಅದೇ. ಸಸ್ಯಶಾಸ್ತ್ರದ ಹೆಸರು ನೋಡದೆ ಏನೂ ಹೇಳಲಾಗದು. ಯಾವುದೇ ಆಗಲಿ, ಅಯೋಡಿನ್ ಜಾಸ್ತಿ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ. ಒಂದೇ ಗ್ರಾಂ ಒಣ ಕೊಂಬುವಿನಲ್ಲಿ ಅದರ ಹತ್ತುಪಟ್ಟು ಮೀರಿ ಇರಬಹುದು. ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ನಾನು ಹಲ್ಲಿನವನು, ನನ್ನನ್ನು ಕೇಳಿದರೂ ಆಗಲ್ಲ.

ಹಳೇಪುಟ:
ಅಯೋಡಿನ್ ಸಿಕ್ಕಿದ್ದೂ ಈ ಬೂದಿಯಲ್ಲೇ ಅಲ್ವಾ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ. ಕಳೆ ಬೂದಿಯ ಗಸಿಗೆ ಗಂಧಕಾಮ್ಲ ಜಾಸ್ತಿ ಬಿತ್ತು, ನೇರಳೆ ಹೊಗೆ ಎದ್ದಿತು. ಆ ಹೊಗೆ ತಣ್ಣಗಿನ ಪಾತ್ರೆಗೆ ತಾಗಿ ಕಪ್ಪು ಹರಳಾಗಿ ಕೂತಿತು. ಸೋಡಾ ದಂಧೆ ಸತ್ತ ಮೇಲೆ ಸ್ಕಾಟ್ಲೆಂಡಿನ ಗುಂಡಿಗಳಿಗೆ ಮತ್ತೆ ಬೆಂಕಿ ಬಿದ್ದದ್ದು ಇದಕ್ಕಾಗಿಯೇ. ಆಗ ಸುಟ್ಟದ್ದು ಬಿರುಗಾಳಿಗೆ ದಡಕ್ಕೆ ಬಿದ್ದ ಲ್ಯಾಮಿನೇರಿಯಾ, ಅದರಲ್ಲಿ ಅಯೋಡಿನ್ ಹೆಚ್ಚು. ಸೂಕ್ಷ್ಮದರ್ಶಕರಿಗೆ ಖುಷಿಯಾಗಲಿ, ಎರಡನೇ ಸುತ್ತಿನಲ್ಲಿ ಅಸಲಿ ಕೆಲ್ಪೇ ಸುಟ್ಟರು.

ಬೂದಿಯ ಅರ್ಥ ಆಮೇಲೆ ಮಸುಕಾಯಿತು. ಮೊದಲ ಮಹಾಯುದ್ಧದಲ್ಲಿ ಕ್ಯಾಲಿಫೋರ್ನಿಯಾದವರು ಪೊಟ್ಯಾಷಿಗೆ, ಅಸಿಟೋನಿಗೆ ದೈತ್ಯ ಕೆಲ್ಪನ್ನು ದೋಣಿಯಿಂದ ಕೊಯ್ದರು. ಆ ಕಾಲದ ಬರಹದಲ್ಲಿ ಕೆಲ್ಪ್ ಅಂದರೆ ಹಸಿ ಕಳೆಯೇ.

ಇರುಳೋದು:
ಇನ್ನೊಂದು ತಲೆನೋವು. ಕನ್ನಡದಲ್ಲಿ ‘ಕೆಲ್ಪ್‌ಗಳು’ ಅನ್ನಲಾ? ಅಥವಾ ‘ಕಡಲ ಪಾಚಿ’ ಅಂತ ಹಾಕಿಬಿಡಲಾ?

ಪದಹುಚ್ಚ:
ಪಾಚಿ ಬೇಡ. ಪಾಚಿ ಅಂದ ಕೂಡಲೇ ಓದುಗರ ಕಣ್ಣಿಗೆ ಮೆಟ್ಟಿಲ ಮೇಲಿನ ಹಸಿರು ಜಾರು ಬರುತ್ತದೆ, ಅದರಲ್ಲಿ 45 ಮೀಟರ್ ಯಾರಿಗೂ ಕಾಣಿಸಲ್ಲ. ಕಡಲಕಳೆ ಎಲ್ಲಾ ಜಾತಿಗೂ ಸಲ್ಲುತ್ತದೆ, ಅದನ್ನು ಒಟ್ಟು ಹೆಸರಾಗಿ ಇಟ್ಟುಕೊಳ್ಳಿ. ಇದಕ್ಕೆ ಕೆಲ್ಪ್ ಅಂತಲೇ ಬಿಡಿ. ಭತ್ತಗಳು ಅನ್ನುವುದಿಲ್ಲವಲ್ಲ, ಹಾಗೇ ಕೆಲ್ಪ್ ಬೆಳೆದಿದೆ, ಕೆಲ್ಪಿನ ಹಾಳೆ, ಕೆಲ್ಪನ್ನು ಕೊಯ್ದರು. ಬೇರೆ ಬೇರೆ ಜಾತಿ ಲೆಕ್ಕ ಹಾಕುವಾಗ ಮಾತ್ರ ‘ಕೆಲ್ಪ್ ಜಾತಿಗಳು’.

ಇರುಳೋದು:
ಸರಿ, ಹೀಗೆ ತಿದ್ದಿದ್ದೇನೆ. ಮೊದಲನೆಯದು ‘ಕೆಲ್ಪ್ ಕಾಡು’. ಎರಡನೆಯದು ‘ಹಡಗಿನ ತುಂಬ ಕೆಲ್ಪ್ ಬೂದಿಯ ಗಟ್ಟಿ ಹೇರಿಕೊಂಡು ಗಾಜಿನ ಕಾರ್ಖಾನೆಗೆ’. ಮೂರನೆಯದು ‘ಬುಲ್ ಕೆಲ್ಪ್ ಎಂದು ಅಲ್ಲಿ ಕರೆಯುವ ಡರ್ವಿಲಿಯಾ’, ಅಡಿಟಿಪ್ಪಣಿ ಹಾಗೇ ಇರುತ್ತದೆ. ಗಾಜು ಅಂತ ಸೇರಿಸಿದ್ದು ನಾನು, ಅದೊಂದು ಅನುಮಾನ.

ಹಳೇಪುಟ:
1790ರ ದಶಕ ಅಂದಿರಲ್ಲ, ಹಾಗಾದರೆ ಗಾಜು ಅಥವಾ ಸಾಬೂನು, ಎರಡರಲ್ಲಿ ಒಂದು. 1850 ಆಗಿದ್ದರೆ ಅಯೋಡಿನ್ ಅನ್ನುತ್ತಿದ್ದೆ. ಹಡಗು ಎಲ್ಲಿಗೆ ಹೋಯಿತು ಅಂತ ಇದೆಯಾ?

ಇರುಳೋದು:
ನ್ಯೂಕಾಸಲ್‌ಗೆ.

ಹಳೇಪುಟ:
ಅಲ್ಲಿ ಟೈನ್ ನದಿಯ ದಂಡೆಯಲ್ಲಿ ಗಾಜಿನ ಕುಲುಮೆಗಳೂ ಇದ್ದವು, ಸಾಬೂನಿನವರೂ ಇದ್ದರು. ‘ಗಾಜಿನ’ ಅನ್ನುವುದನ್ನು ತೆಗೆದು ಬರೀ ಕಾರ್ಖಾನೆ ಅಂತ ಬಿಡಿ.